ಗುಡ್ಡದ ಬುಡದ ನಾಯಿಗಳು

ಹಾಡಹಗಲು ಹನ್ನೊಂದು ಗಂಟೆಗೆ ತೋಳವೊಂದು ಡಾಂಬರು ರಸ್ತೆಯ ನಡುವೆ ಬಂದು ನಿಂತಿದೆ ಎಂದು ಓಂಕಾರ್ ಫೋನ್ ಮಾಡಿದಾಗ ಮಂಜರಿ ಮೊದಲು ನಂಬಲಿಲ್ಲ. ಪುಣೆ ಹತ್ತಿರದ ದೇಹೂ ರೋಡ್ ಆಚೆಯ ಬೋಳು ಗುಡ್ಡಗಳಲ್ಲಿ ನಾಲ್ಕು ವರ್ಷದಿಂದ ಆ ತೋಳಗಳ ಬೆನ್ನು ಹತ್ತಿದ ಸಂಶೋಧಕ ಅವನು. ಅಷ್ಟು ವರ್ಷದಲ್ಲಿ ಅವನು ಅವುಗಳನ್ನು ಬರಿಗಣ್ಣಿನಿಂದ ನೋಡಿದ್ದು ಇಪ್ಪತ್ತು ಸಲವೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಕಲ್ಲುಗಳ ಸಂದಿಯಲ್ಲಿ ಕಟ್ಟಿಟ್ಟ ಕ್ಯಾಮೆರಾ ಕಂಡದ್ದು. ಮನುಷ್ಯನ ವಾಸನೆ ಬಡಿದರೆ ಸಾಕು, ಒಣಹುಲ್ಲಿನಲ್ಲಿ ಕರಗಿಹೋಗುವ ಪ್ರಾಣಿಗಳು ಅವು.

"ತೀ ಹಲತ್‌ಚ ನಾಹೀ, ಮ್ಯಾಡಮ್," ಎಂದು ಓಂಕಾರ್ ಮರಾಠಿಯಲ್ಲಿ ಹೇಳಿದ. ಅಲುಗಾಡುತ್ತಲೇ ಇಲ್ಲವಂತೆ. ಹಾರ್ನ್ ಹೊಡೆದನಂತೆ, ಅವನ ಕಡೆ ತಿರುಗಿ ನೋಡಿತಂತೆ. ಆದರೆ ಅದು ನೋಡಿದ್ದು ತನ್ನನ್ನಲ್ಲ ಎನ್ನಿಸಿತಂತೆ.

ಮಂಜರಿ ಪಶುವೈದ್ಯೆ, ಆದರೆ ಬದುಕಿರುವ ಪ್ರಾಣಿಗಳು ಅವಳ ಮೇಜಿಗೆ ಬರುವುದು ಅಪರೂಪ. ಪುಣೆಯ ಒಂದು ವನ್ಯಜೀವಿ ಪ್ರಯೋಗಾಲಯದಲ್ಲಿ, ಸತ್ತ ಪ್ರಾಣಿ ಯಾತರಿಂದ ಸತ್ತಿತು ಎಂದು ಕಂಡುಹಿಡಿಯುವುದು ಅವಳ ಕೆಲಸ. ಅವಳ ತಂದೆ ಬ್ಯಾಂಕಿನ ನೌಕರಿಗೆಂದು ಧಾರವಾಡದಿಂದ ಬಂದು ನಿಗಡಿಯಲ್ಲಿ ಮನೆ ಮಾಡಿದವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ. ಅಂದು ರಜೆಯಲ್ಲಿದ್ದಳು. ಸ್ಕೂಟರ್ ತೆಗೆದು ಇಪ್ಪತ್ತು ನಿಮಿಷದಲ್ಲಿ ಗುಡ್ಡದ ಬುಡ ತಲುಪಿದಳು.

ಅಷ್ಟರಲ್ಲಿ ಐವತ್ತು ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಮೊಬೈಲ್, ಕೆಲವರ ಕೈಯಲ್ಲಿ ಕಲ್ಲು. ಆ ಗುಂಪಿಗೂ ತೋಳಕ್ಕೂ ನಡುವೆ, ಹಳೆಯ ಖಾಕಿ ಸ್ವೆಟರ್ ಹಾಕಿಕೊಂಡ ಒಬ್ಬ ಮುದುಕರು ಎರಡೂ ತೋಳು ಚಾಚಿ ನಿಂತಿದ್ದರು. ಈರಣ್ಣ. ಮಿಲಿಟರಿ ಡಿಪೋದಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದವರು, ಮೂಲ ಬೈಲಹೊಂಗಲದ ಕಡೆಯವರು. ಈ ಗುಡ್ಡದಲ್ಲಿ ತೋಳಗಳಿವೆ ಎಂದು ಓಂಕಾರ್‌ಗೆ ಮೊದಲು ತೋರಿಸಿಕೊಟ್ಟವರೇ ಅವರು. ಗುಡ್ಡದ ಬುಡದ ಬೀದಿನಾಯಿಗಳಿಗೆ ದಿನಾ ಎರಡು ಹೊತ್ತು ಅನ್ನ ಹಾಕುವವರೂ ಅವರೇ.

"ಮಾಗೇ ವ್ಹಾ!" ಎಂದು ಜನರಿಗೆ ಹಿಂದೆ ಸರಿಯಲು ಮರಾಠಿಯಲ್ಲಿ ಗದರಿಸುತ್ತಿದ್ದವರು ಮಂಜರಿಯನ್ನು ಕಂಡು ಕನ್ನಡಕ್ಕೆ ಹೊರಳಿದರು. "ಬಾ ತಂಗಿ. ನೋಡಿಲ್ಲೆ. ಇದು ನಮ್ಮ ದೊಡ್ಡಾಕಿ. ಈ ಹಿಂಡಿನ ತಾಯಿ. ಏನಾಗೇತಿ ಇದಕ್ಕ?"

ಮಂಜರಿ ನಾಲ್ಕು ಹೆಜ್ಜೆ ಹತ್ತಿರ ಹೋಗಿ ನೋಡಿದಳು. ಹೆಣ್ಣು ತೋಳ ಬಿಸಿಲಲ್ಲಿ ಕಾಲು ಅಗಲಿಸಿ ನಿಂತಿತ್ತು. ಕಣ್ಣುಗಳ ಸುತ್ತ ಹಳದಿ ಪಿಸಿರು ಗಟ್ಟಿಯಾಗಿತ್ತು. ಬಾಯಲ್ಲಿ ಏನೂ ಇಲ್ಲದಿದ್ದರೂ ದವಡೆ ಒಂದೇ ಸಮ ಅಗಿಯುತ್ತಿತ್ತು. ಅಗಿದಂತೆಲ್ಲ ನೊರೆ ಇಳಿದು ಡಾಂಬರಿನ ಮೇಲೆ ತೊಟ್ಟಿಕ್ಕುತ್ತಿತ್ತು. ಸ್ವಲ್ಪ ಹೊತ್ತಿಗೆ ಹಿಂಗಾಲು ಕುಸಿದು ಅಡ್ಡ ಬಿದ್ದಿತು. ಬಿದ್ದ ಮೇಲೂ ಒಂದು ಹಿಂಗಾಲು ತನ್ನ ಪಾಡಿಗೆ ತಾನು, ಯಾರೋ ಒಳಗಿನಿಂದ ದಾರ ಜಗ್ಗಿದಂತೆ, ಮಿಡಿಯುತ್ತಲೇ ಇತ್ತು.

ಗುಂಪಿನಲ್ಲಿ ಯಾರೋ "ಹುಚ್ಚು! ಹುಚ್ಚು ಹಿಡಿದಿದೆ!" ಎಂದು ಕೂಗಿದರು. ಜನ ನಾಲ್ಕು ಹೆಜ್ಜೆ ಹಿಂದೆ ಸರಿದರು, ಮೊಬೈಲ್ ಮಾತ್ರ ಕೆಳಗಿಳಿಸಲಿಲ್ಲ. ಅರಣ್ಯ ಇಲಾಖೆಯ ಗಾಡಿ ಬರುವಷ್ಟರಲ್ಲಿ ಆ ಕಾಲಿನ ಮಿಡಿತ ನಿಂತಿತ್ತು.

ಅದೇ ಮಧ್ಯಾಹ್ನ ಮಂಜರಿ ತನ್ನ ಕೈಯಾರೆ ಅದನ್ನು ಕೊಯ್ದು ನೋಡಿದಳು. ಪಾದದಡಿಯ ಮೆತ್ತೆಗಳು ಕಟ್ಟಿಗೆಯಂತೆ ಬಿರುಸಾಗಿದ್ದವು. ಶ್ವಾಸಕೋಶ ಮುದ್ದೆಯಾಗಿತ್ತು. ಮೆದುಳಿನ ಚೂರನ್ನು ರೇಬಿಸ್ ಪರೀಕ್ಷೆಗೆ ಕಳಿಸಿದಳು, ಆದರೆ ಅದು ರೇಬಿಸ್ ಅಲ್ಲವೆಂದು ಅವಳ ಮನಸ್ಸು ಆಗಲೇ ಹೇಳುತ್ತಿತ್ತು. ಎರಡು ದಿನ ಬಿಟ್ಟು ಬಂದ ವರದಿಯೂ ಅದನ್ನೇ ಹೇಳಿತು. ಅದು ಡಿಸ್ಟೆಂಪರ್. ಬೀದಿನಾಯಿಗಳ ಮರಿಗಳನ್ನು ರಾಶಿಗಟ್ಟಲೆ ತಿನ್ನುವ ಹಳೆಯ ರೋಗ, ಕೆಮ್ಮಿನಲ್ಲಿ ಹಾರುತ್ತದೆ, ಎಂಜಲಿನಲ್ಲಿ ದಾಟುತ್ತದೆ. ಮನುಷ್ಯರಿಗೆ ಅಂಟುವುದಿಲ್ಲ. ಆದರೆ ತೋಳ, ನರಿ, ಕತ್ತೆಕಿರುಬ, ಪುನುಗುಬೆಕ್ಕು, ಚಿರತೆ ಯಾವುದಕ್ಕೂ ಅದನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ಮೆದುಳಿಗೆ ಏರಿತೆಂದರೆ ಮೊದಲು ಹೋಗುವುದು ಭಯ. ಭಯ ಹೋದ ಕಾಡುಪ್ರಾಣಿ ಊರಿಗೆ ನಡೆದು ಬರುತ್ತದೆ.

ಅವಳನ್ನು ಕಾಡಿದ್ದು ಇನ್ನೊಂದು ಸಂಗತಿ. ತೋಳದ ಮೊಲೆಗಳಲ್ಲಿ ಹಾಲಿತ್ತು.

ವರದಿ ಬಂದ ಮರುದಿನ ಬೆಳಿಗ್ಗೆ ಅವಳು ಈರಣ್ಣನವರ ಮನೆಗೆ ಹೋದಳು. ಎರಡು ಕೋಣೆಯ ಮನೆ. ಹಿತ್ತಲಲ್ಲಿ ದೊಡ್ಡ ಡಬರಿಯಲ್ಲಿ ನಾಯಿಗಳ ಅನ್ನ ಕುದಿಯುತ್ತಿತ್ತು. ಅವರ ಹೆಂಡತಿ ಗೌರಾಬಾಯಿ ಚಹಾ ತಂದಿಟ್ಟು, ಅವಳ ಮುಖ ನೋಡದೆ ಒಳಗೆ ಹೋದರು. ಬಂದವರ ಜೊತೆ ಅರ್ಧ ಗಂಟೆ ಮಾತಾಡದೆ ಬಿಡದ ಹೆಣ್ಣುಮಗಳು.

"ಈರಣ್ಣ ಕಾಕಾ, ನಾಯಿಗಳೊಳಗ ಯಾವುದಾದರೂ ಜಡ್ಡು ಬಿದ್ದಾವೇನ್ರಿ?" ಎಂದು ಮಂಜರಿ ಕೇಳಿದಳು. "ಕೆಮ್ಮು, ಕಣ್ಣಾಗ ಪಿಸಿರು, ಕಾಲು ನಡುಗೋದು?"

"ಇಲ್ಲ."

"ಮರಿಗಳು?"

"ಎಲ್ಲಾ ಗಟ್ಟಿ ಅದಾವು." ಈರಣ್ಣ ಚಹಾವನ್ನು ಬಸಿಗೆ ಸುರಿದುಕೊಂಡರು. ಬಸಿ ತುಂಬಿ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು, ಒರೆಸಿಕೊಳ್ಳಲಿಲ್ಲ.

ಸುಳ್ಳು ಎಂದು ಅವಳಿಗೆ ತಿಳಿಯಿತು. ಆದರೆ ಅಪ್ಪನ ವಯಸ್ಸಿನ ಮನುಷ್ಯ. ಮುಖದ ಮೇಲೆ ಹೇಳಲು ಬಾಯಿ ಬರಲಿಲ್ಲ. "ತೋಳದ ಮೈಯಾಗ ಹಾಲಿತ್ತು ಕಾಕಾ," ಎಂದಷ್ಟೇ ಹೇಳಿದಳು. "ಎಲ್ಲೋ ಮರಿ ಹಾಕೇದ. ಸತ್ತು ಇವತ್ತಿಗೆ ಮೂರು ದಿನ ಆತು. ಗವಿ ಎಲ್ಲೆ ಅದ ಅಂತ ಓಂಕಾರ್‌ಗ ಗೊತ್ತಿಲ್ಲ. ನಿಮಗ ಗೊತ್ತಿದ್ರ ಹೇಳ್ರಿ."

ಈರಣ್ಣ ಬಸಿ ಕೆಳಗಿಟ್ಟರು. ಆಮೇಲೆ ಎದ್ದು, ಗೂಟಕ್ಕೆ ತೂಗುಹಾಕಿದ್ದ ಟವೆಲ್ ತೆಗೆದು ತಲೆಗೆ ಸುತ್ತಿಕೊಂಡರು.

ಗುಡ್ಡ ಹತ್ತುವಾಗ ಮೂವರಿದ್ದರು. ಓಂಕಾರ್ ಮುಂದೆ, ಈರಣ್ಣ ನಡುವೆ, ಮಂಜರಿ ಹಿಂದೆ. ಡಿಸೆಂಬರಿನ ಬಿಸಿಲು, ಮೊಣಕಾಲೆತ್ತರದ ಒಣಹುಲ್ಲು. ಕೆಳಗೆ ಹೆದ್ದಾರಿಯಲ್ಲಿ ಲಾರಿಗಳ ಸದ್ದು, ಅದರಾಚೆ ದಿನಕ್ಕೊಂದು ಮಹಡಿ ಏರುತ್ತಿರುವ ಹೊಸ ಕಟ್ಟಡಗಳು. ಅರ್ಧ ದಾರಿಗೆ ಒಂದು ಹಳೆಯ ಕಲ್ಲುಗಣಿ ಸಿಕ್ಕಿತು. ಅದರ ಅಂಚಿನಲ್ಲಿ ಹೊಸದಾಗಿ ತೋಡಿ ಮುಚ್ಚಿದ ಮಣ್ಣು ಸಾಲಾಗಿ ಕಾಣುತ್ತಿತ್ತು. ಒಂದೊಂದರ ಮೇಲೂ ಒಂದೊಂದು ಕಲ್ಲು ಹೇರಿದ್ದರು. ಎರಡು ಕಡೆ ಕಲ್ಲು ಸರಿದು ಮಣ್ಣು ಕೆದರಿತ್ತು. ಕೆದರಿದ ಗುಂಡಿಯಲ್ಲಿ ಏನೂ ಉಳಿದಿರಲಿಲ್ಲ.

ಮಂಜರಿ ನಿಂತಳು. ಈರಣ್ಣನವರೂ ನಿಂತರು.

"ಹದಿನಾಕು ಮರಿ," ಎಂದರು. "ಮೂರು ವಾರದಾಗ. ಒಂದರ ಹಿಂದ ಒಂದು ಹ್ವಾದವು ತಂಗಿ. ರಾತ್ರಿ ಹಗಲಿ ಒದರಿ ಒದರಿ. ಗೌರಾ ಬಾಯಾಗ ಹಾಲಿನ ಬತ್ತಿ ಇಟ್ಟಳು, ನುಂಗಾಕ ಬರಲಿಲ್ಲ ಅವಕ್ಕ."

"ಹೇಳಬೇಕಿತ್ತಲ್ರಿ ನಮಗ!" ಅವಳ ದನಿ ತಾನು ಅಂದುಕೊಂಡಿದ್ದಕ್ಕಿಂತ ಏರಿತು. "ಮೂರು ವಾರ! ಅವತ್ತ ಹೇಳಿದ್ರ ಈ ಗುಡ್ಡದಾಗ ಒಂದೂ ಸಾಯ್ತಿರಲಿಲ್ಲ. ತೋಳ ಬಂದು ನೀವು ಹುಗದ ಮರೀನ ತಗದು ತಿಂದಾವ. ಕಾಣಸ್ತದಿಲ್ಲೋ ನಿಮಗ?"

ಈರಣ್ಣ ತಲೆ ತಗ್ಗಿಸಲಿಲ್ಲ. "ಹೇಳಿದ್ರ ಏನಾಗ್ತಿತ್ತು, ಅದೂ ಗೊತ್ತೈತಿ ನಂಗ," ಎಂದರು. "ನಾಕು ವರ್ಷದ ಹಿಂದ ಆಚಿ ಬಾಜೂ ಬಿಲ್ಡಿಂಗಿನಾವರು ನಾಯಿಗೆ ಹುಚ್ಚು ಅಂತ ಸುದ್ದಿ ಎಬ್ಬಿಸಿದ್ರು. ಯಾವ ನಾಯಿಗೂ ಏನೂ ಆಗಿರಲಿಲ್ಲ. ಮರುದಿನ ಹೊತ್ತು ಹೊಂಡೂದ್ರಾಗ ಹನ್ನೊಂದು ನಾಯಿ ಗಟಾರದಾಗ ಬಿದ್ದಿದ್ವು. ವಿಷ. ಅವನ್ನ ಎತ್ತಿದ ಕೈ ಇವು. ಜಡ್ಡು ಐತಿ ಅಂತ ನಾನ ಬಾಯಿ ಬಿಟ್ರ ಉಳಿಸ್ತಾರೇನು? ನೀನ ಹೇಳು."

ಮಂಜರಿ ಮುಂದೆ ನಡೆದಳು.

ಗವಿ ಗುಡ್ಡದ ಆಚೆ ಮಗ್ಗುಲಲ್ಲಿ, ಕಾರೆಕಂಟಿಯ ಮರೆಯಲ್ಲಿತ್ತು. ಈರಣ್ಣ ಕೈ ಮಾಡಿ ತೋರಿಸಿ ದೂರದಲ್ಲೇ ಕೂತುಬಿಟ್ಟರು. ಮಂಜರಿ ಮೊಣಕಾಲೂರಿ ಟಾರ್ಚ್ ಬಿಟ್ಟು ನೋಡಿದಳು. ನಾಲ್ಕು ಮರಿಗಳು ಒಂದರ ಮೇಲೊಂದು ಬಿದ್ದಿದ್ದವು. ಕಣ್ಣು ಬಿಟ್ಟು ಹೆಚ್ಚು ದಿನ ಆಗಿರಲಿಕ್ಕಿಲ್ಲ. ಇರುವೆಗಳು ಸಾಲುಗಟ್ಟಿ ಒಳಗೆ ಹೋಗಿ ಬರುತ್ತಿದ್ದವು. ಗ್ಲೌಸ್ ಹಾಕಿ ಒಂದೊಂದನ್ನೇ ಎತ್ತಿ ಚೀಲಕ್ಕೆ ಹಾಕುತ್ತಿದ್ದಾಗ ಓಂಕಾರ್ ಅವಳ ಭುಜ ಮುಟ್ಟಿ ಎದುರಿನ ದಿಬ್ಬ ತೋರಿಸಿದ.

ಅಲ್ಲಿ ಮೂರು ತೋಳಗಳು ಕೂತಿದ್ದವು. ನೂರು ಹೆಜ್ಜೆಯೂ ದೂರವಿರಲಿಲ್ಲ. ಮೂವರು ಮನುಷ್ಯರು ತಮ್ಮ ಗವಿಗೆ ಕೈ ಹಾಕಿದ್ದನ್ನು ನೋಡುತ್ತ ಕೂತಿದ್ದವು. ಓಡಲಿಲ್ಲ. ಗುರುಗುಟ್ಟಲಿಲ್ಲ. ಓಂಕಾರ್ ಎರಡೂ ಕೈ ಎತ್ತಿ ಬೀಸಿದ. ಅವುಗಳಲ್ಲಿ ಒಂದು ಆಕಳಿಸಿತು.

"ಚಲಾ," ಎಂದ ಓಂಕಾರ್, ಹೊರಡೋಣ ಎಂದು ಕೈಮಾಡಿ. "ಮ್ಯಾಡಮ್, ಚಲಾ." ನಾಲ್ಕು ವರ್ಷದಲ್ಲಿ ಮೊದಲ ಸಲ ಅವನು ತೋಳಕ್ಕೆ ಬೆನ್ನು ಮಾಡದೆ ಹಿಂದೆ ಹಿಂದೆ ನಡೆದು ಗುಡ್ಡ ಇಳಿದ.

ಮಂಜರಿ ಅಂದು ಸಂಜೆಯೇ ವರದಿ ಬರೆಯಲು ಕೂತಳು. ಮೊದಲ ಪುಟದಲ್ಲೇ ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಳು. ನಾಯಿಗಳಿಗೆ ಕೂಡಲೇ ಲಸಿಕೆ ಹಾಕಬೇಕು, ಅವುಗಳನ್ನು ಕೊಲ್ಲುವುದರಿಂದಾಗಲಿ ಓಡಿಸುವುದರಿಂದಾಗಲಿ ರೋಗ ಇನ್ನೂ ದೂರ ಹರಡುತ್ತದೆ ಎಂದು ಬರೆದಳು. ಮೂರನೆಯ ಪುಟದಲ್ಲಿ ಸೋಂಕಿನ ಮೂಲ ಯಾವುದು ಎಂದು ಕೇಳುವ ಜಾಗವಿತ್ತು. ಗುಡ್ಡದ ಬುಡದಲ್ಲಿ ಒಬ್ಬ ನಿವಾಸಿ ಸಾಕುತ್ತಿರುವ ಬೀದಿನಾಯಿಗಳು ಎಂದಿಷ್ಟು ಬರೆದು ನಿಲ್ಲಿಸಬಹುದಿತ್ತು. ಆದರೆ ಆ ನಾಲ್ಕು ಮರಿಗಳ ಚೀಲ ಇನ್ನೂ ಅವಳ ಕಣ್ಣ ಮುಂದಿತ್ತು. ಈರಣ್ಣನವರ ಪೂರ್ತಿ ಹೆಸರು ಬರೆದಳು. ಮೂರು ವಾರ ನಾಯಿಮರಿಗಳ ಸಾವನ್ನು ಮುಚ್ಚಿಟ್ಟರು ಎಂದೂ ಬರೆದಳು. ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಕಳಿಸಿಬಿಟ್ಟಳು.

ಲಸಿಕೆ ಸಿಕ್ಕಿತು. ಹಿಡಿಯುವವರು ಬಲೆ ತಂದರೆ ನಾಯಿಗಳು ಗುಡ್ಡ ಹತ್ತಿಬಿಡುತ್ತಿದ್ದವು, ಹೀಗಾಗಿ ಈರಣ್ಣನವರೇ ನಿಲ್ಲಬೇಕಾಯಿತು. ಎರಡು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಅವರು ಕಲ್ಲಿನ ಮೇಲೆ ಕೂತು ಒಂದೊಂದನ್ನೇ ಹೆಸರು ಹಿಡಿದು ಕರೆದರು. ಹವಾಲ್ದಾರ ಬಂದ. ಚಾಂದಣಿ ಬಂದಳು. ಮೂರೇ ಕಾಲಿನ ಬುಂದಿ ಕುಂಟುತ್ತ ಬಂದು ತೊಡೆಯ ಮೇಲೆ ತಲೆಯಿಟ್ಟಿತು. ಕತ್ತಿನ ಚರ್ಮ ಮೆತ್ತಗೆ ಹಿಡಿದು, "ಆತು ಆತು, ಇರುವಿ ಕಡದಾಂಗ," ಎನ್ನುತ್ತಿದ್ದಂತೆ ಮಂಜರಿ ಸೂಜಿ ಚುಚ್ಚುತ್ತಿದ್ದಳು. ಹೀಗೆ ಮೂವತ್ತೊಂದು ನಾಯಿಗಳು. ಜನವರಿಯಲ್ಲಿ ಎರಡನೆಯ ಸಲವೂ ಹಾಕಿ ಮುಗಿಸಿದರು. ಅಂದು ಗೌರಾಬಾಯಿ ಮೊದಲಿನಂತೆ ಪಕ್ಕದಲ್ಲಿ ಕೂತು ಮಂಜರಿಗೆ ಜೋಳದ ರೊಟ್ಟಿ, ಝುಣಕ ಬಡಿಸಿದರು. ವರದಿಯಲ್ಲಿ ಏನು ಬರೆದಿದ್ದೇನೆಂದು ಆಗಲೇ ಹೇಳಿಬಿಡಬೇಕು ಎಂದು ಎರಡು ಸಲ ಬಾಯಿ ತೆರೆದಳು. ಹೇಳಲಾಗಲಿಲ್ಲ.

ತೋಳಗಳಿಗೆ ಹಾಗೆ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಕ್ಯಾಮೆರಾದಲ್ಲಿ ಮೊದಲು ಆರು ಕಾಣುತ್ತಿದ್ದವು. ಆಮೇಲೆ ನಾಲ್ಕು. ಸಂಕ್ರಾಂತಿಯ ಹೊತ್ತಿಗೆ ಎರಡೇ ಉಳಿದವು. ಆದರೂ ಆ ಎರಡು ಮೈಕೈ ತುಂಬಿಕೊಂಡು, ಕಿವಿ ನಿಮಿರಿಸಿ, ಮೊದಲಿನ ಹಾಗೆ ಕ್ಯಾಮೆರಾದ ಸಣ್ಣ ಸದ್ದಿಗೂ ಬೆಚ್ಚಿ ಜಿಗಿಯುತ್ತಿದ್ದವು. ಅವು ಹೆದರಿದ್ದನ್ನು ನೋಡಿ ಮಂಜರಿಗೆ ಕಣ್ಣು ತುಂಬಿ ಬಂತು. ಹಿಂಡು ಉಳಿದೀತು ಎಂದುಕೊಂಡಳು.

ಫೆಬ್ರುವರಿ ಮೊದಲ ವಾರ ವರದಿಯ ಮೂರನೆಯ ಪುಟ ಯಾವುದೋ ಕಚೇರಿಯ ಮೇಜಿನಿಂದ ಯಾರದೋ ಮೊಬೈಲಿಗೆ ಹೋಯಿತು. ಅಲ್ಲಿಂದ ಗುಡ್ಡದ ಬುಡದ ಒಂದು ಹೌಸಿಂಗ್ ಸೊಸೈಟಿಯ ವಾಟ್ಸಾಪ್ ಗುಂಪಿಗೆ, ಅಲ್ಲಿಂದ ಹತ್ತು ಗುಂಪಿಗೆ. ಮೊದಲ ಪುಟದ ಫೋಟೋ ಮಾತ್ರ ಯಾರೂ ತೆಗೆದಿರಲಿಲ್ಲ. ತೋಳಕ್ಕೆ ಬಂದ ಹೊಸ ವೈರಸ್ ನಾಯಿಗಳಲ್ಲಿದೆ, ಗಾಳಿಯಲ್ಲಿ ಹರಡುತ್ತದೆ, ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಯಾರೋ ಕೆಳಗೆ ಸೇರಿಸಿದ್ದರು. ಈರಣ್ಣನವರ ಹೆಸರಿಗೆ ಕೆಂಪು ಗೆರೆ ಎಳೆದಿದ್ದರು. ಮೂರನೆಯ ಪುಟದ ಆ ಫೋಟೋ ಮಂಜರಿಯ ಮೊಬೈಲಿಗೂ ಬಂತು. ಅವಳು ಅದಕ್ಕೆ ಉತ್ತರ ಬರೆದಳು, ಸೊಸೈಟಿಯ ಕಾರ್ಯದರ್ಶಿಗೆ ಫೋನ್ ಮಾಡಿದಳು, ಮರುದಿನ ಬಂದು ಎಲ್ಲರಿಗೂ ತಿಳಿಸಿ ಹೇಳುತ್ತೇನೆ ಎಂದಳು. ಆ ಮನುಷ್ಯ ಬಹಳ ಮರ್ಯಾದೆಯಿಂದ "ಅವಶ್ಯ ಬನ್ನಿ" ಎಂದ.

ಮರುದಿನ ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ಗೌರಾಬಾಯಿಯವರದು. ಉಸಿರು ಮಾತ್ರ ಕೇಳಿಸಿತು.

ಮಂಜರಿ ಹೋಗಿ ತಲುಪಿದಾಗ ಈರಣ್ಣ ಒಂದು ಕೈಗಾಡಿ ತಂದುಕೊಂಡಿದ್ದರು. ನಾಯಿಗಳು ಮೋರಿಯ ಉದ್ದಕ್ಕೂ, ಗಿಡದ ಬುಡದಲ್ಲಿ, ಅವರ ಮನೆಯ ಮೆಟ್ಟಿಲಿನ ಮೇಲೆ ಬಿದ್ದಿದ್ದವು. ಬಾಯಿ ನೀಲಿಗಟ್ಟಿ, ಕಾಲು ಸೆಟೆದುಕೊಂಡಿದ್ದವು. ಕೊತ್ತಂಬರಿ ಹಾಕಿದ ಖೀಮಾ ಮಾಂಸದ ಉಂಡೆಗಳು ಇನ್ನೂ ಅಲ್ಲಲ್ಲಿ ಉಳಿದಿದ್ದವು. ಯಾರೋ ಒಲೆಯ ಮುಂದೆ ನಿಂತು, ರುಚಿಯಾಗಲೆಂದು ಮಸಾಲೆ ಹಾಕಿ ಮಾಡಿದ್ದರು. ಬುಂದಿ ಮೆಟ್ಟಿಲಿನ ಮೇಲಿತ್ತು. ಬಾಗಿಲಿನತ್ತ ಮುಖ ಮಾಡಿ ಬಿದ್ದಿತ್ತು.

ಅವಳು ಗಾಡಿಗೆ ಕೈ ಹಚ್ಚಿದಳು. ಈರಣ್ಣ ಬೇಡ ಎನ್ನಲಿಲ್ಲ. ಇಬ್ಬರೂ ಸೇರಿ ಚಾಂದಣಿಯನ್ನು ಎತ್ತಿ ಹಾಕಿದ ಮೇಲೆ, ಅವರು ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಕೇಳಿದರು:

"ಆ ಕಾಗದದಾಗ ನನ್ನ ಹೆಸರು ಐತಂತ. ಬರದಾಕಿ ನೀನ ಅಂತ. ಖರೇ ಏನು?"

"ಹೌದ್ರಿ."

ಅವರು ತಲೆಯಾಡಿಸಿದರು. ಮತ್ತೆ ಬಗ್ಗಿ ಮುಂದಿನ ನಾಯಿಯ ಕಾಲು ಹಿಡಿದರು. ಕೆಲಸ ಮುಗಿದ ಮೇಲೆ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೈಟಿಯ ಕಿಟಕಿಗಳಲ್ಲಿ ಜನ ಪರದೆ ಸರಿಸಿ ನೋಡುತ್ತಿದ್ದರು.

ಪೊಲೀಸರು ಬಂದರು, ಬರೆದುಕೊಂಡರು, ಹೋದರು. ಯಾರು ಮಾಡಿದ್ದೆಂದು ಯಾರಿಗೂ ಗೊತ್ತಿರಲಿಲ್ಲ.

ಆ ಮೂವತ್ತೊಂದು ನಾಯಿಗಳು ಊರಿಗೂ ಗುಡ್ಡಕ್ಕೂ ನಡುವಿನ ಬೇಲಿಯಾಗಿದ್ದವು. ರೋಗ ಇನ್ನು ಅವುಗಳನ್ನು ದಾಟಿ ಹೋಗುವಂತಿರಲಿಲ್ಲ, ಹೊರಗಿನ ನಾಯಿಗಳನ್ನು ಅವು ಒಳಗೆ ಬಿಡುತ್ತಿರಲಿಲ್ಲ. ಈಗ ರಸ್ತೆಬದಿಯ ಮಾಂಸದ ಅಂಗಡಿಗಳ ಕಸದ ತೊಟ್ಟಿಯ ಮುಂದೆ ಜಾಗ ಖಾಲಿ ಇತ್ತು. ಹದಿನೈದು ದಿನದಲ್ಲಿ ಹೆದ್ದಾರಿಯ ಢಾಬಾಗಳ ಕಡೆಯಿಂದ ಬೇರೆ ನಾಯಿಗಳು ಬಂದು ಸೇರಿದವು, ಯಾರ ಹೆಸರಿಗೂ ಓಗೊಡದ ನಾಯಿಗಳು. ಹತ್ತಿರ ಹೋದರೆ ಹಲ್ಲು ಕಿರಿಯುತ್ತಿದ್ದವು. ಅವುಗಳಲ್ಲಿ ಎಷ್ಟಕ್ಕೆ ಜಡ್ಡಿದೆ, ಎಷ್ಟಕ್ಕಿಲ್ಲ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಗುಡ್ಡದ ಎಂಟು ಕ್ಯಾಮೆರಾಗಳಲ್ಲಿ ಮಾರ್ಚ್ ಪೂರ್ತಿ ಗಾಳಿಗೆ ಅಲುಗುವ ಹುಲ್ಲು ಮಾತ್ರ ಕಂಡಿತು. ಉಳಿದಿದ್ದ ಎರಡು ತೋಳಗಳು ಸತ್ತವೋ, ಗುಡ್ಡ ಬಿಟ್ಟು ಹೋದವೋ ಓಂಕಾರ್ ಹೇಳಲಾರ. ಹೋಗಿದ್ದರೆ ಮೈಯಲ್ಲಿ ಏನು ಹೊತ್ತು ಹೋದವೋ ಅದನ್ನೂ ಹೇಳಲಾರ.

ಮಂಜರಿ ನಾಲ್ಕು ಸಲ ಈರಣ್ಣನವರ ಮನೆಗೆ ಹೋದಳು. ನಾಲ್ಕೂ ಸಲ ಗೌರಾಬಾಯಿ ಬಾಗಿಲ ಸಂದಿಯಿಂದಲೇ, "ಮಕ್ಕೊಂಡಾರ," ಎಂದರು. ಹಿತ್ತಲಲ್ಲಿ ಡಬರಿ ಬೋರಲು ಬಿದ್ದಿತ್ತು. ಐದನೆಯ ಸಲ ಹೋಗುವ ಧೈರ್ಯ ಅವಳಿಗಾಗಲಿಲ್ಲ. ಮನೆಯಲ್ಲಿ ತಾಯಿ ಅನ್ನಪೂರ್ಣಮ್ಮ, "ನೀ ಬರದದ್ದು ಖರೇನ ಅಲ್ಲೇನ? ಮತ್ತ್ಯಾಕ ಕೊರಗ್ತಿ?" ಎಂದರು. ಖರೆಯೇ ಇತ್ತು. ಅದನ್ನು ಬರೆಯುವಾಗ ತನ್ನ ಕೈ ಓಡಿದ್ದು ಸಿಟ್ಟಿನಿಂದ ಎಂದು ತಾಯಿಗೆ ಹೇಗೆ ಹೇಳುವುದು?

ಏಪ್ರಿಲ್ ಎರಡನೆಯ ವಾರ, ಮಧ್ಯಾಹ್ನದ ಊಟ ಮುಗಿಸಿ ಅವಳು ಪ್ರಯೋಗಾಲಯಕ್ಕೆ ಮರಳಿದಾಗ ಗೇಟಿನ ಹತ್ತಿರ ಈರಣ್ಣ ನಿಂತಿದ್ದರು. ಕಾವಲುಗಾರ ಒಳಗೆ ಬಿಟ್ಟಿರಲಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದರು. ಎರಡು ತಿಂಗಳಲ್ಲಿ ಅರ್ಧ ಆಳಾಗಿದ್ದರು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಎದೆಗವಚಿ ಹಿಡಿದಿದ್ದ ರಟ್ಟಿನ ಪೆಟ್ಟಿಗೆಗೆ ಸುತ್ತಲೂ ಸುತಳಿ ಬಿಗಿದಿದ್ದರು.

"ಒಳಗ ಬರ್ರಿ ಕಾಕಾ," ಎಂದಳು. "ನನ್ನದು ತಪ್ಪಾಗೇದ. ನಿಮ್ಮ ಹೆಸರು ನಾ..."

"ಇರಲಿ. ಅದು ಆಮ್ಯಾಲೆ." ಅವರು ಪೆಟ್ಟಿಗೆಯನ್ನು ಅವಳತ್ತ ಚಾಚಿದರು. "ಮೊದಲ ಇದನ್ನ ನೋಡು. ಮುಚ್ಚಿಟ್ಟ ಅಂತ ಇನ್ನ ಯಾರೂ ಅನಬಾರದು ನಂಗ."

ಅವಳು ಅಲ್ಲೇ ಕಟ್ಟೆಯ ಮೇಲಿಟ್ಟು ಸುತಳಿ ಬಿಚ್ಚಿದಳು. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪುನುಗುಬೆಕ್ಕು. ಸತ್ತು ಹೆಚ್ಚು ಹೊತ್ತಾಗಿರಲಿಲ್ಲ. ಕಣ್ಣಿನ ಸುತ್ತ ಪಿಸಿರು ಒಣಗಿತ್ತು.

"ಗುಡ್ಡದಾಗ ಸಿಕ್ಕಿತೇನ್ರಿ?"

"ಗುಡ್ಡದಾಗಲ್ಲ." ಈರಣ್ಣ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. "ನಿಗಡಿಯಾಗ. ನಿಮ್ಮ ಮನಿ ಹಿಂದ ನಾಲಾ ಐತಲ್ಲ, ಅಲ್ಲೆ. ಮುಂಜಾನೆ ನಿನಗ ಭೆಟ್ಟಿ ಆಗೋಣು ಅಂತ ಬಂದಿದ್ದೆ. ನೀ ಆಗಲೇ ಹೋಗಿದ್ದಿ. ತಿರುಗಿ ಬರೂ ಮುಂದ ಕಂಡಿತು."

ಮಂಜರಿ ಮೊಬೈಲ್ ತೆಗೆದಳು. ಓಂಕಾರ್‌ಗೆ ಮಾಡಬೇಕೋ, ಅರಣ್ಯ ಇಲಾಖೆಗೆ ಮಾಡಬೇಕೋ ಒಂದು ಕ್ಷಣ ಹೊಳೆಯಲಿಲ್ಲ. ದೇಹೂ ರೋಡಿನ ಗುಡ್ಡಕ್ಕೂ ನಿಗಡಿಯ ನಾಲಾಕ್ಕೂ ನಡುವೆ ಹೆದ್ದಾರಿಯಿದೆ, ರೈಲು ಹಳಿಯಿದೆ, ಸಾವಿರಾರು ಮನೆಗಳಿವೆ. ಇಷ್ಟನ್ನು ದಾಟಿ ಬಂದದ್ದು ಇಲ್ಲಿಗೇ ನಿಂತಿರಲಾರದು.

"ಇದೊಂದೇ ಇತ್ತೇನ್ರಿ ಕಾಕಾ?"

"ಇನ್ನ ಎರಡು ಅದಾವು," ಎಂದರು ಈರಣ್ಣ. "ಜೀವ ಐತಿ. ಬಿಸಲಾಗ ಅಲ್ಲೇ ಬಾಜೂಕಿನ ಸಾಲೀ ಗೇಟಿನ ಮುಂದ ಸುಮ್ನ ಗರಾಗರಾ ತಿರಗಾಕ ಹತ್ತ್ಯಾವು. ಓಣ್ಯಾಗಿನ ಹುಡುಗುರು ಸುತ್ತ ನಿಂತು ನೋಡಾಕ ಹತ್ತ್ಯಾರ. ಒಬ್ಬಾಂವ ಬಿಸ್ಕೀಟ್ ಒಗದ."

ಅವಳು ಗ್ಲೌಸಿನ ಪೊಟ್ಟಣ, ಬಲೆ, ಎರಡು ಪಂಜರಗಳನ್ನು ತಂದು ಪ್ರಯೋಗಾಲಯದ ಜೀಪಿಗೆ ಹಾಕಿದಳು. ಈರಣ್ಣ ಕೇಳದೆಯೇ ಹತ್ತಿ ಅವಳ ಪಕ್ಕದಲ್ಲಿ ಕೂತರು. ಶಾಲೆ ಬಿಟ್ಟು ಮಕ್ಕಳೆಲ್ಲ ಆ ಗೇಟಿಗೆ ಬರಲು ಇನ್ನು ಒಂದು ಗಂಟೆಯಿತ್ತು.